ಚರಗದ ಬುಟ್ಟಿಯಿಂದ ಉತಾರದವರೆಗೆ: ಪರಿಸರ ಸ್ತ್ರೀವಾದವನ್ನು ತರಗತಿಯಲ್ಲಿ ಕಲಿಸುವ ಸಮಗ್ರ ಮಾರ್ಗದರ್ಶಿ

ಹೆಣ್ಣಿನ ಮೇಲಿನ ದಬ್ಬಾಳಿಕೆ ಮತ್ತು ಪ್ರಕೃತಿಯ ಮೇಲಿನ ದಬ್ಬಾಳಿಕೆ ಒಂದಕ್ಕೊಂದು ಹೆಣೆದುಕೊಂಡಿವೆ ಎನ್ನುವ ವಿಚಾರವೇ ಪರಿಸರ ಸ್ತ್ರೀವಾದ. ವಿಜಯಪುರ ಜಿಲ್ಲೆಯ ಪದವಿ ಕಾಲೇಜೊಂದರಲ್ಲಿ ನಾನು ಮೊದಲ ಸಲ ಅದನ್ನು ಕಲಿಸಿದ ವರ್ಷ, ಪಾಠ ಶುರುವಾದದ್ದು ಕರಿಹಲಗೆಯ ಮೇಲೆ ಬರೆದ ವ್ಯಾಖ್ಯೆಯಿಂದ. ವಿದ್ಯಾರ್ಥಿಗಳು ಅದನ್ನು ಅಚ್ಚುಕಟ್ಟಾಗಿ ಬರೆದುಕೊಂಡರು. ಆದರೆ ಪರೀಕ್ಷೆಯ ಉತ್ತರಪತ್ರಿಕೆಗಳನ್ನು ತಿದ್ದಲು ಕುಳಿತಾಗ ಹೆಚ್ಚಿನವರು ಬರೆದಿದ್ದ ಮಾತು ಒಂದೇ ಆಗಿತ್ತು: ಹೆಣ್ಣು ಭೂಮಿತಾಯಿಯ ಹಾಗೆ ಸಹನಾಮೂರ್ತಿ, ಆದ್ದರಿಂದ ಪರಿಸರವನ್ನು ಕಾಪಾಡುವುದು ಅವಳ ಸಹಜ ಧರ್ಮ. ಯಾವ ಹೊರೆಯನ್ನು ಪ್ರಶ್ನಿಸಲು ಈ ವಿಚಾರ ಹುಟ್ಟಿತೋ ಅದೇ ಹೊರೆಯನ್ನು ನನ್ನ ಪಾಠ ಹೆಣ್ಣುಮಕ್ಕಳ ತಲೆಯ ಮೇಲೆ ಮತ್ತಷ್ಟು ಭದ್ರವಾಗಿ ಹೊರಿಸಿತ್ತು.

ಆ ಮೇಲೆ ಪಾಠದ ಕ್ರಮವನ್ನೇ ಬದಲಿಸಿದೆ. ಈಗ ಮೊದಲು ಬರುವುದು ಕೆಲಸದ ಲೆಕ್ಕ, ಅದರ ಹಿಂದೆ ಒಡೆತನದ ಲೆಕ್ಕ, ಅದಾದ ಬಳಿಕ ಚಳವಳಿಗಳ ಇತಿಹಾಸ. ಸಿದ್ಧಾಂತಕ್ಕೆ ಸ್ಥಾನ ಕೊನೆಯಲ್ಲಿ. ಹೆಣ್ಣಿಗೂ ಮಣ್ಣಿಗೂ ಇರುವ ನಂಟು ರಕ್ತದಲ್ಲಿ ಬಂದದ್ದಲ್ಲ, ದಿನನಿತ್ಯದ ದುಡಿಮೆಯಲ್ಲಿ ಬೆಳೆದದ್ದು ಎಂಬುದನ್ನು ವಿದ್ಯಾರ್ಥಿ ತನ್ನ ಮನೆಯ ಅಂಗಳದಲ್ಲೇ ಕಂಡುಕೊಳ್ಳದಿದ್ದರೆ, ಎಷ್ಟು ದೊಡ್ಡ ಲೇಖಕರ ಹೆಸರು ಹೇಳಿದರೂ ಅದು ಘೋಷಣೆಯಾಗಿಯೇ ಉಳಿಯುತ್ತದೆ. ಈ ಮಾರ್ಗದರ್ಶಿಯನ್ನು ಪಿಯುಸಿ ಎರಡನೇ ವರ್ಷದ ಮತ್ತು ಪದವಿಯ ವಿದ್ಯಾರ್ಥಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ. ಪ್ರೌಢಶಾಲೆಯವರಿಗೆ ಮೊದಲ ಮೂರು ಹೆಜ್ಜೆಗಳೇ ಸಾಕು.

ಯಾವಾಗ ಆರಂಭಿಸಬೇಕು, ಏನನ್ನು ಓದಿಕೊಂಡಿರಬೇಕು

ವಾರಕ್ಕೆ ಎರಡು ತಾಸಿನಂತೆ ಹತ್ತು ವಾರ ಬೇಕು. ಸಾಧ್ಯವಿದ್ದಲ್ಲಿ ಶೀಗಿ ಹುಣ್ಣಿಮೆ ಮುಗಿದು ಮೂರು ವಾರಕ್ಕೆ ಆರಂಭಿಸಿ, ಎಳ್ಳಮವಾಸ್ಯೆ ಕಳೆದ ಮೇಲೆ ಮುಗಿಸುವುದು ಒಳ್ಳೆಯದು. ಆ ಅವಧಿಯಲ್ಲಿ ನಮ್ಮ ಎರೆಹೊಲಗಳಲ್ಲಿ ಬಿಳಿಜೋಳ, ಕಡಲೆ, ಕುಸುಬೆಯಂಥ ಹಿಂಗಾರಿ ಬೆಳೆಗಳ ಕೆಲಸ ನಡೆಯುತ್ತಿರುತ್ತದೆ; ವಿದ್ಯಾರ್ಥಿಗಳು ನೋಡಬೇಕಾದದ್ದೆಲ್ಲ ಅವರ ಕಣ್ಣೆದುರೇ ಇರುತ್ತದೆ. ಸೆಮಿಸ್ಟರ್‌ನ ವೇಳಾಪಟ್ಟಿ ಇದಕ್ಕೆ ಹೊಂದದಿದ್ದರೆ ಹಬ್ಬದ ಭಾಗವನ್ನು ನೆನಪಿನಿಂದ ಬರೆಸಬಹುದು.

ಶಿಕ್ಷಕರು ಮಾತ್ರ ಸಿದ್ಧಾಂತವನ್ನು ಮೊದಲೇ ಓದಿಕೊಂಡಿರಬೇಕು. ಪರಿಸರ ಸ್ತ್ರೀವಾದ ಎಂಬ ಪದವನ್ನು ಫ್ರೆಂಚ್ ಲೇಖಕಿ ಫ್ರಾನ್ಸ್ವಾಜ್ ದೋಬೋನ್ ಅವರು 1974ರಲ್ಲಿ ಬಂದ ತಮ್ಮ ಪುಸ್ತಕದಲ್ಲಿ ಬಳಕೆಗೆ ತಂದರು. ಭೂಮಿಯ ಫಲವತ್ತತೆ, ಹೆಣ್ಣಿನ ಹೆರುವ ಶಕ್ತಿ ಇವೆರಡನ್ನೂ ಪುರುಷಪ್ರಧಾನ ವ್ಯವಸ್ಥೆ ತನ್ನ ಹಿಡಿತಕ್ಕೆ ತೆಗೆದುಕೊಂಡದ್ದೇ ಬಿಕ್ಕಟ್ಟಿನ ಬೇರು ಎಂಬುದು ಅವರ ವಾದ. ಪ್ರಕೃತಿಯನ್ನು ಜೀವಂತ ತಾಯಿಯೆಂದು ಕಾಣುತ್ತಿದ್ದ ಯೂರೋಪು ಆಧುನಿಕ ವಿಜ್ಞಾನದ ಉದಯದೊಂದಿಗೆ ಅದನ್ನು ಯಂತ್ರವೆಂದು ಕಾಣತೊಡಗಿದ ಬಗೆಯನ್ನು ಅಮೆರಿಕದ ಇತಿಹಾಸಕಾರ್ತಿ ಕ್ಯಾರೊಲಿನ್ ಮರ್ಚೆಂಟ್ 1980ರಲ್ಲಿ ವಿವರಿಸಿದರು. ನಮ್ಮ ದೇಶದ ಚರ್ಚೆಗೆ ಅತ್ಯಗತ್ಯವಾದವರು ಇಬ್ಬರು: 1988ರಲ್ಲಿ ಹಸಿರು ಕ್ರಾಂತಿಯನ್ನೂ ವಾಣಿಜ್ಯ ಅರಣ್ಯನೀತಿಯನ್ನೂ ಈ ದೃಷ್ಟಿಯಿಂದ ವಿಮರ್ಶಿಸಿದ ವಂದನಾ ಶಿವ, ಮತ್ತು 1992ರ ಪ್ರಬಂಧದಲ್ಲಿ ಅವರೊಡನೆ ಗಂಭೀರವಾಗಿ ಭಿನ್ನಾಭಿಪ್ರಾಯ ವ್ಯಕ್ತಪಡಿಸಿದ ಅರ್ಥಶಾಸ್ತ್ರಜ್ಞೆ ಬೀನಾ ಅಗರವಾಲ್. ಇವರಿಬ್ಬರ ವಾದವನ್ನು ಒಂಬತ್ತನೆಯ ವಾರದವರೆಗೆ ಬಾಯಿ ಬಿಟ್ಟು ಹೇಳಬಾರದು. ಇದು ಕಷ್ಟದ ಸಂಯಮ, ಆದರೆ ಫಲ ಕೊಡುವ ಸಂಯಮ.

ಮೊದಲ ಹೆಜ್ಜೆ: ಒಂದು ದಿನದ ದಿನಚರಿ

ಮೊದಲ ತರಗತಿಯಲ್ಲಿ ವಿಷಯದ ಹೆಸರನ್ನೂ ಹೇಳದೆ ಒಂದು ಕೆಲಸ ಕೊಡಿ. ಪ್ರತಿ ವಿದ್ಯಾರ್ಥಿ ತನ್ನ ಮನೆಯ ಒಬ್ಬ ಹೆಂಗಸಿನ ಮತ್ತು ಒಬ್ಬ ಗಂಡಸಿನ ಒಂದು ಪೂರ್ತಿ ದಿನವನ್ನು ಅರ್ಧರ್ಧ ತಾಸಿನ ಲೆಕ್ಕದಲ್ಲಿ ಬರೆಯಬೇಕು. ನಾಲ್ಕು ಕಾಲಂಗಳಿರಲಿ: ಹೊತ್ತು, ಕೆಲಸ, ಆ ಕೆಲಸಕ್ಕೆ ಬೇಕಾದ ನೀರು ಅಥವಾ ಉರುವಲು ಅಥವಾ ಮೇವು ಎಲ್ಲಿಂದ ಬಂತು, ಕೆಲಸಕ್ಕೆ ಕೂಲಿ ಸಿಕ್ಕಿತೇ ಇಲ್ಲವೇ. ಮೂರನೆಯ ಕಾಲಂ ಇಲ್ಲದಿದ್ದರೆ ಇದು ಬರೀ ಮನೆಗೆಲಸದ ಪಟ್ಟಿಯಾಗುತ್ತದೆ. ಅದು ಇದ್ದರೆ ಪ್ರತಿಯೊಂದು ಕೆಲಸದ ಬೆನ್ನಿಗೂ ಒಂದು ಕೆರೆ, ಒಂದು ಬದು, ಒಂದು ಜಾಲಿಗಿಡ ಕಾಣಿಸಿಕೊಳ್ಳುತ್ತದೆ.

ದಿನಚರಿಗಳು ಬಂದ ಮೇಲೆ ಅವುಗಳನ್ನು ನಿಧಾನವಾಗಿ ಓದಬೇಕು, ಏಕೆಂದರೆ ಪಾಠವಿರುವುದು ವಿದ್ಯಾರ್ಥಿಗಳು ಬಿಟ್ಟದ್ದರಲ್ಲಿ. ಒಬ್ಬ ಹುಡುಗ ತನ್ನ ತಾಯಿಯ ಮಧ್ಯಾಹ್ನದ ಎರಡು ತಾಸಿನ ಎದುರು ‘ವಿಶ್ರಾಂತಿ’ ಎಂದು ಬರೆದು ತಂದಿದ್ದ. ಆ ಹೊತ್ತಿನಲ್ಲಿ ಅವರು ಎಲ್ಲಿರುತ್ತಾರೆ ಎಂದು ಕೇಳಿದಾಗ, “ಪಡಸಾಲ್ಯಾಗ ಕುಂತಿರ್ತಾಳ್ರೀ” ಎಂದ. ಕುಳಿತು ಏನು ಮಾಡುತ್ತಾರೆ ಎಂದು ಮತ್ತೆ ಕೇಳಿದೆ. “ಕಡ್ಲಿ ಹಸನ ಮಾಡ್ತಾಳ್ರೀ, ಬಿತ್ತಾಕ ಇಟ್ಟದ್ದು.” ಆ ತಾಯಿ ಮೊರವನ್ನು ಮಡಿಲಲ್ಲಿಟ್ಟುಕೊಂಡು, ತೂತು ಬಿದ್ದ ಕಾಳು, ಮುರುಟಿದ ಕಾಳು, ಬಣ್ಣಗೆಟ್ಟ ಕಾಳುಗಳನ್ನು ಒಂದೊಂದಾಗಿ ಬೆರಳಲ್ಲಿ ಆರಿಸಿ ತೆಗೆದು ಮುಂದಿನ ವರ್ಷದ ಬೆಳೆಯನ್ನು ತೀರ್ಮಾನಿಸುತ್ತಿದ್ದರು. ಕುಳಿತು ಮಾಡುವ ಕೆಲಸ ಮಗನ ಕಣ್ಣಿಗೆ ವಿಶ್ರಾಂತಿಯಾಗಿ ಕಂಡಿತ್ತು. ಬೀಜ ಆರಿಸುವುದು, ಬೂದಿ ಅಥವಾ ಬೇವಿನ ಎಲೆ ಬೆರೆಸಿ ಗಡಿಗೆಯಲ್ಲಿ ಕಾಪಿಡುವುದು, ಯಾವ ಹೊಲದ ತೆನೆ ಬೀಜಕ್ಕೆ ಲೇಸು ಎಂದು ನೆನಪಿಡುವುದು ಇವೆಲ್ಲ ತಲೆಮಾರುಗಳ ಜ್ಞಾನ. ಕೃಷಿ ವಿಶ್ವವಿದ್ಯಾಲಯದಲ್ಲಿ ಅದನ್ನು ತಳಿ ಆಯ್ಕೆ ಎನ್ನುತ್ತಾರೆ, ಪಡಸಾಲೆಯಲ್ಲಿ ಅದಕ್ಕೆ ಹೆಸರೇ ಇಲ್ಲ. ನಿಮ್ಮ ತರಗತಿಯಲ್ಲೂ ಇಂಥ ಒಂದು ‘ವಿಶ್ರಾಂತಿ’ ಖಂಡಿತ ಸಿಗುತ್ತದೆ. ಅದು ಸಿಕ್ಕಾಗ ಬರೆದವರನ್ನು ನಾಚಿಸದೆ, ಆ ಎರಡು ತಾಸನ್ನು ಬಿಡಿಸಿ ಬರೆಯಲು ಹೇಳಿ.

ಇದಾದ ಮೇಲೆ ದೇಶದ ಅಂಕಿಯನ್ನು ಕೊಡಬಹುದು. 2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯಂತೆ, ಕೂಲಿಯಿಲ್ಲದ ಮನೆಗೆಲಸದಲ್ಲಿ ತೊಡಗಿದ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷವನ್ನು, ಗಂಡಸರು 97 ನಿಮಿಷವನ್ನು ಅದಕ್ಕೆ ವ್ಯಯಿಸುತ್ತಾರೆ. ವಿದ್ಯಾರ್ಥಿಗಳು ತಮ್ಮ ತರಗತಿಯ ಸರಾಸರಿಯನ್ನು ತಾವೇ ಲೆಕ್ಕಹಾಕಿ ಇದರ ಪಕ್ಕದಲ್ಲಿ ಬರೆಯಲಿ. ಅಂಕಿಯನ್ನು ಮೊದಲೇ ಕೊಟ್ಟರೆ ದಿನಚರಿಯನ್ನು ಅದಕ್ಕೆ ಹೊಂದಿಸಿ ಬರೆಯುತ್ತಾರೆ. ಹಾಗಾಗಿ ಈ ಕ್ರಮ ತಪ್ಪಬಾರದು.

ಎರಡನೆಯ ಹೆಜ್ಜೆ: ನೀರು, ಕುಳ್ಳು, ಕಟ್ಟಿಗೆಯ ನಕ್ಷೆ

ದಿನಚರಿಯ ಮೂರನೆಯ ಕಾಲಂನಲ್ಲಿ ಬಂದ ಜಾಗಗಳನ್ನೆಲ್ಲ ಊರಿನ ಕೈನಕ್ಷೆಯ ಮೇಲೆ ಗುರುತಿಸಬೇಕು: ನಳ, ಬೋರ್‌ವೆಲ್, ಹಳ್ಳ, ಕುಳ್ಳು ತಟ್ಟುವ ಜಾಗ, ತಿಪ್ಪೆ, ಕಟ್ಟಿಗೆ ಆರಿಸುವ ಗೋಮಾಳ, ಬಟ್ಟೆ ಒಗೆಯುವ ಕಲ್ಲು. ಗುರುತಿಸಿದ ಪ್ರತಿ ಜಾಗಕ್ಕೂ ಮೂರು ಪ್ರಶ್ನೆ ಕೇಳಿಸಿ. ಇಲ್ಲಿಗೆ ಯಾರು ಹೋಗುತ್ತಾರೆ? ಹತ್ತು ವರ್ಷದ ಹಿಂದೆ ಇದು ಎಷ್ಟು ದೂರವಿತ್ತು? ಈ ಜಾಗ ಯಾರ ಹೆಸರಲ್ಲಿದೆ?

ಮನೆಮನೆಗೆ ನಳ ಬಂದಿದೆ, ಗ್ಯಾಸ್ ಬಂದಿದೆ, ಇನ್ನೇನು ಉಳಿಯಿತು ಎಂದು ಒಬ್ಬರಾದರೂ ಕೇಳುತ್ತಾರೆ. ಇದು ನ್ಯಾಯವಾದ ಪ್ರಶ್ನೆ. 2016ರ ಉಜ್ವಲಾ ಯೋಜನೆಯಿಂದ ಸಿಲಿಂಡರ್ ಬಂದದ್ದು ನಿಜ, 2019ರ ಜಲಜೀವನ ಮಿಷನ್ ಒಬ್ಬರಿಗೆ ದಿನಕ್ಕೆ 55 ಲೀಟರ್ ನೀರಿನ ಗುರಿ ಇಟ್ಟುಕೊಂಡದ್ದೂ ನಿಜ. ಆ ಬದಲಾವಣೆಯನ್ನು ಪ್ರಾಮಾಣಿಕವಾಗಿ ದಾಖಲಿಸಬೇಕು. ಅದರ ಜೊತೆಗೆ ನಳದಲ್ಲಿ ನೀರು ಬರುವ ಹೊತ್ತು ಯಾವುದು, ಆ ಹೊತ್ತಿಗೆ ಎಚ್ಚರವಿದ್ದು ಕಾಯುವವರು ಯಾರು, ಸಿಲಿಂಡರ್ ಖಾಲಿಯಾದರೆ ಮತ್ತೊಂದು ತರಿಸುವ ತೀರ್ಮಾನ ಯಾರದು, ಸ್ನಾನದ ನೀರು ಇಂದಿಗೂ ಯಾವುದರಲ್ಲಿ ಕಾಯುತ್ತದೆ ಎಂಬುದನ್ನೂ ಬರೆಯಬೇಕು. ನಮ್ಮ ಹಳ್ಳಿಗಳಲ್ಲಿ ಅಡುಗೆಮನೆಯಲ್ಲಿ ಗ್ಯಾಸ್ ಇದ್ದರೂ ಬಚ್ಚಲ ಒಲೆಗೆ ಕುಳ್ಳು ಬೇಕೇ ಬೇಕು.

ಈ ನಕ್ಷೆಯಲ್ಲಿ ಜಾತಿಯನ್ನು ಬಿಟ್ಟರೆ ನಕ್ಷೆ ಸುಳ್ಳಾಗುತ್ತದೆ. ಎಲ್ಲ ಹೆಂಗಸರೂ ಒಂದೇ ಬಾವಿಯಲ್ಲಿ ಸೇದಿದವರಲ್ಲ. 1927ರ ಮಾರ್ಚ್ 20ರಂದು ಡಾ. ಅಂಬೇಡ್ಕರರು ಮಹಾರಾಷ್ಟ್ರದ ಮಹಾಡದಲ್ಲಿ ದಲಿತರಿಗೆ ಮುಟ್ಟಗೊಡದ ಚೌದಾರ್ ಕೆರೆಯ ನೀರನ್ನು ಮುಟ್ಟಿ ಕುಡಿದ ಘಟನೆಯನ್ನು ಈ ಪಾಠದೊಳಗೆ ತರಲೇಬೇಕು, ಏಕೆಂದರೆ ಪ್ರಕೃತಿ ಎಲ್ಲರ ತಾಯಿ ಎನ್ನುವ ಮಾತು ಆ ಕೆರೆಯ ದಂಡೆಯಲ್ಲಿ ಎಷ್ಟು ಪೊಳ್ಳಾಗಿತ್ತು ಎಂಬುದನ್ನು ಅದು ಬೇರೆ ವಿವರಣೆಯಿಲ್ಲದೆ ತೋರಿಸುತ್ತದೆ. ಆದರೆ ನಿಮ್ಮ ತರಗತಿಯ ದಲಿತ ವಿದ್ಯಾರ್ಥಿಯನ್ನು ಎಬ್ಬಿಸಿ ಅನುಭವ ಹೇಳು ಎನ್ನಬಾರದು. ಹೇಳಬೇಕೆನಿಸಿದವರು ಬರೆದು ಕೊಡಲಿ. ಅದನ್ನು ಓದಿ ಹೇಳಬೇಕೇ ಬೇಡವೇ ಎಂಬುದನ್ನೂ ಅವರೇ ನಿರ್ಧರಿಸಲಿ.

ವಿಜಯಪುರ ನಗರದ ಕಾಲೇಜುಗಳಿಗೆ ಈ ಹೆಜ್ಜೆಯಲ್ಲಿ ಒಂದು ವಿಶೇಷ ಅನುಕೂಲವಿದೆ. ತಾಜ್ ಬಾವಡಿ, ಚಾಂದ್ ಬಾವಡಿ, ಬೇಗಂ ತಲಾಬ್ ಈ ಮೂರು ಆದಿಲಶಾಹಿ ಜಲನಿರ್ಮಾಣಗಳಿಗೂ ರಾಜಮನೆತನದ ಹೆಣ್ಣಿನ ನೆನಪು ಅಂಟಿಕೊಂಡಿದೆ. ವಿದ್ಯಾರ್ಥಿಗಳನ್ನು ತಾಜ್ ಬಾವಡಿಯ ಮೆಟ್ಟಿಲ ಬಳಿ ನಿಲ್ಲಿಸಿ, ಹೆಸರಿನಲ್ಲಿ ಹೆಣ್ಣಿದ್ದಾಳೆ, ಇಲ್ಲಿಂದ ಕೊಡ ಹೊತ್ತು ಮೇಲೇರಿದ ಹೆಂಗಸರ ಹೆಸರು ಎಲ್ಲಿದೆ ಎಂದು ಕೇಳಿ ನೋಡಿ. ಗೌರವಕ್ಕೂ ದುಡಿಮೆಗೂ ನಡುವಿನ ಈ ಅಂತರ ಮುಂದೆ ಚರಗದ, ಅಂದರೆ ಎಳ್ಳಮವಾಸ್ಯೆಯಂದು ಹೊಲಕ್ಕೆ ಅನ್ನ ಎರಚುವ ಆಚರಣೆಯ, ಪಾಠದಲ್ಲಿ ಮತ್ತೆ ಎದುರಾಗುತ್ತದೆ.

ಮೂರನೆಯ ಹೆಜ್ಜೆ: ಉತಾರ ಓದುವುದು

ಪಹಣಿಯನ್ನು, ನಮ್ಮ ಕಡೆಯ ಮಾತಿನಲ್ಲಿ ಉತಾರವನ್ನು, ತರಗತಿಗೆ ತರಿಸಿ. ಮನೆಯ ಕಾಗದವನ್ನು ತರಲು ಒತ್ತಾಯಿಸಬೇಡಿ. ಶಿಕ್ಷಕರು ತಮ್ಮದೇ ಒಂದು ಪ್ರತಿಯನ್ನು ತಂದು, ಸರ್ವೆ ನಂಬರನ್ನು ಮುಚ್ಚಿ ತೋರಿಸಿದರೂ ಸಾಕು. ಒಂಬತ್ತನೆಯ ಕಾಲಂನಲ್ಲಿ ಇರುವ ಹೆಸರು ಯಾರದು, ದಿನಚರಿಯ ಪ್ರಕಾರ ಆ ಹೊಲದಲ್ಲಿ ಕಸ ತೆಗೆದವರು, ಹತ್ತಿ ಬಿಡಿಸಿದವರು, ಕಡಲೆ ಕಿತ್ತವರು ಯಾರು ಎಂಬುದನ್ನು ಪಕ್ಕಪಕ್ಕದಲ್ಲಿ ಬರೆದರೆ ವಿದ್ಯಾರ್ಥಿಗಳಿಗೆ ಹೆಚ್ಚು ಹೇಳಬೇಕಾಗುವುದಿಲ್ಲ. 2015–16ರ ಕೃಷಿ ಗಣತಿಯಂತೆ ದೇಶದ ಕೃಷಿ ಹಿಡುವಳಿಗಳಲ್ಲಿ ಹೆಂಗಸರು ನಡೆಸುವಂಥವು ಶೇಕಡ 14ರಷ್ಟು ಮಾತ್ರ.

ಕಾನೂನಿನ ಮಾತನ್ನೂ ಇಲ್ಲೇ ಹೇಳಿ. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಗಂಡುಮಕ್ಕಳಷ್ಟೇ ಹಕ್ಕನ್ನು ಕೊಡುವ ತಿದ್ದುಪಡಿ ಕರ್ನಾಟಕದಲ್ಲಿ 1994ರಲ್ಲಿ ಜಾರಿಗೆ ಬಂತು. ಹಿಂದೂ ಉತ್ತರಾಧಿಕಾರ ಕಾಯ್ದೆ ದೇಶಮಟ್ಟದಲ್ಲಿ ತಿದ್ದುಪಡಿಯಾದದ್ದು 2005ರಲ್ಲಿ. ಹಾಗಿದ್ದೂ ಮದುವೆಯಾದ ಅಕ್ಕತಂಗಿಯರಿಂದ ಹಕ್ಕುಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುವುದು ಎಷ್ಟು ಸಲೀಸು, ಪಾಲು ಕೇಳಿದ ಹೆಣ್ಣುಮಗಳಿಗೆ ತವರಿನ ಬಾಗಿಲು ಮುಚ್ಚುವುದು ಎಷ್ಟು ಸಾಮಾನ್ಯ ಎಂಬುದು ತರಗತಿಯ ಎಲ್ಲರಿಗೂ ಗೊತ್ತು. ಇದಕ್ಕೂ ಪರಿಸರಕ್ಕೂ ಏನು ಸಂಬಂಧ ಎಂಬ ಪ್ರಶ್ನೆಯನ್ನು ವಿದ್ಯಾರ್ಥಿಗಳೇ ಬಿಡಿಸಬೇಕು. ಹೊಲದಲ್ಲಿ ಕಬ್ಬು ಹಾಕಬೇಕೋ ಜೋಳ ಹಾಕಬೇಕೋ, ಬದುವಿನ ಬೇವನ್ನು ಕಡಿಯಬೇಕೋ ಉಳಿಸಬೇಕೋ, ಇನ್ನೊಂದು ಬೋರ್ ಕೊರೆಸಬೇಕೋ ಎಂಬ ತೀರ್ಮಾನ ಉತಾರದಲ್ಲಿ ಹೆಸರಿರುವವರ ಕೈಯಲ್ಲಿರುತ್ತದೆ. ಆ ತೀರ್ಮಾನ ತಪ್ಪಾದಾಗ ಹೆಚ್ಚು ದೂರ ನಡೆಯಬೇಕಾದವರು ಬೇರೆಯವರು. ಇಷ್ಟು ಅರ್ಥವಾದರೆ ಪರಿಸರ ಸ್ತ್ರೀವಾದದ ಮುಕ್ಕಾಲು ಭಾಗ ಅರ್ಥವಾದಂತೆ ಎಂದು ನಾನು ನಂಬಿದ್ದೇನೆ.

ನಾಲ್ಕನೆಯ ಹೆಜ್ಜೆ: ಚಳವಳಿಗಳನ್ನು ದಂತಕಥೆಯಾಗಿಸದೆ ಹೇಳುವುದು

ಇಂದಿನ ಉತ್ತರಾಖಂಡದ ಬೆಟ್ಟಗಳಲ್ಲಿ ಮರ ಉಳಿಸಲು ನಡೆದ ಚಿಪ್ಕೊ ಚಳವಳಿಯನ್ನು ಹೇಳುವಾಗ ಮರವನ್ನು ಅಪ್ಪಿಕೊಂಡ ಚಿತ್ರದಿಂದ ಆರಂಭಿಸಬೇಡಿ. ಜಗಳ ಹುಟ್ಟಿದ ಕಾರಣದಿಂದ ಆರಂಭಿಸಿ. ಗೋಪೇಶ್ವರದ ಸಹಕಾರಿ ಸಂಘಕ್ಕೆ ಕೃಷಿ ಉಪಕರಣ ಮಾಡಿಕೊಳ್ಳಲು ಕೆಲವು ಮರಗಳನ್ನು ನಿರಾಕರಿಸಿದ ಅರಣ್ಯ ಇಲಾಖೆ, ಅದೇ ಕಾಡಿನ ಮರಗಳನ್ನು ಆಟದ ಸಾಮಾನು ತಯಾರಿಸುವ ಹೊರಗಿನ ಕಂಪನಿಗೆ ಕೊಟ್ಟಿತು. 1973ರಲ್ಲಿ ಮಂಡಲ್ ಗ್ರಾಮದಲ್ಲಿ ಪ್ರತಿಭಟನೆ ಹುಟ್ಟಿದ್ದು ಅದರಿಂದ. 1974ರ ಮಾರ್ಚ್ 26ರಂದು ರೈಣಿ ಗ್ರಾಮದ ಗಂಡಸರು ಪರಿಹಾರದ ಹಣ ಪಡೆಯಲು ಚಮೋಲಿಗೆ ಹೋಗಿದ್ದಾಗ ಕಡಿಯುವವರು ಕಾಡಿಗೆ ಬಂದರು. ಮಹಿಳಾ ಮಂಗಲ ದಳದ ಮುಖ್ಯಸ್ಥೆ ಗೌರಾ ದೇವಿ 27 ಹೆಂಗಸರೊಡನೆ ಹೋಗಿ ಅವರನ್ನು ತಡೆದರು.

ಇಷ್ಟಕ್ಕೇ ನಿಲ್ಲಿಸಿದರೆ ಹೆಂಗಸರು ಊರಿನ ಪರವಾಗಿ ಹೊರಗಿನವರ ವಿರುದ್ಧ ನಿಂತರು ಎಂಬ ಸುಲಭದ ಕಥೆಯಾಗುತ್ತದೆ. ಆದ್ದರಿಂದ ಅದೇ ಬೆಟ್ಟಸೀಮೆಯ ಡೂಂಗ್ರಿ-ಪೈಂತೋಲಿ ಗ್ರಾಮದಲ್ಲಿ 1980ರಲ್ಲಿ ನಡೆದದ್ದನ್ನು ತಪ್ಪದೆ ಹೇಳಿ. ಅಲ್ಲಿ ಆಲೂಗಡ್ಡೆ ಬೀಜದ ತೋಟಕ್ಕಾಗಿ ಓಕ್ ಕಾಡನ್ನು ಕಡಿಯಲು ಊರಿನ ಗಂಡಸರೇ ಒಪ್ಪಿದ್ದರು, ಏಕೆಂದರೆ ಅದರ ಬದಲಿಗೆ ರಸ್ತೆ, ವಿದ್ಯುತ್, ಶಾಲೆ, ಆಸ್ಪತ್ರೆಯ ಭರವಸೆ ಸಿಕ್ಕಿತ್ತು. ಹೆಂಗಸರು ವಿರೋಧಿಸಿದರು, ಕಾಡು ಹೋದರೆ ಮೇವು-ಕಟ್ಟಿಗೆಗೆ ಇನ್ನಷ್ಟು ಮೈಲಿ ನಡೆಯಬೇಕಾದವರು ಅವರೇ ಆಗಿದ್ದರು. ಈ ಸಂದರ್ಭವನ್ನು ವಿದ್ಯಾರ್ಥಿಗಳಿಗೆ ಕೊಟ್ಟು ಗ್ರಾಮಸಭೆಯಂತೆ ಅಭಿನಯಿಸಲು ಹೇಳಿದರೆ ತರಗತಿ ಬಿಸಿಯಾಗುತ್ತದೆ. ರಸ್ತೆಯೂ ಆಸ್ಪತ್ರೆಯೂ ಹೆಂಗಸರಿಗೆ ಬೇಡವೇ ಎಂದು ಯಾರಾದರೂ ಕೇಳುತ್ತಾರೆ, ಕೇಳಬೇಕು. ಅಭಿನಯದಲ್ಲಿ ಹುಡುಗರು ಹೆಂಗಸರ ಪಾತ್ರವನ್ನೂ ಹುಡುಗಿಯರು ಗಂಡಸರ ಪಾತ್ರವನ್ನೂ ವಹಿಸಿದರೆ ವಾದ ಇನ್ನೂ ಆಳಕ್ಕೆ ಇಳಿಯುತ್ತದೆ.

ನಮ್ಮ ನಾಡಿನ ಉದಾಹರಣೆಗಳಲ್ಲಿ 1983ರ ಸೆಪ್ಟೆಂಬರ್‌ನಲ್ಲಿ ಶಿರಸಿಯ ಸಾಲ್ಕಣಿಯವರು ಆರಂಭಿಸಿದ, ಕಾಡು ಉಳಿಸುವ ಅಪ್ಪಿಕೋ ಚಳವಳಿ ಎಲ್ಲರಿಗೂ ಪರಿಚಿತ. ನಮ್ಮ ಬಯಲುಸೀಮೆಗೆ ಅದಕ್ಕಿಂತ ಹತ್ತಿರದ್ದು ಕುಸನೂರು. ಹಳ್ಳಿಗಳ ಸಾರ್ವಜನಿಕ ಭೂಮಿಯನ್ನು ನೀಲಗಿರಿ ಬೆಳೆಸಲು ಕೈಗಾರಿಕೆಗೆ ಕೊಟ್ಟದ್ದನ್ನು ವಿರೋಧಿಸಿ, ಅಂದು ಧಾರವಾಡ ಜಿಲ್ಲೆಯಲ್ಲಿದ್ದ ಈ ಊರಿನಲ್ಲಿ 1987ರ ನವೆಂಬರ್ 14ರಂದು ‘ಕಿತ್ತಿಕೋ-ಹಚ್ಚಿಕೋ’ ಸತ್ಯಾಗ್ರಹ ನಡೆಯಿತು. ನೀಲಗಿರಿ ಸಸಿಗಳನ್ನು ಕಿತ್ತು, ಜನರಿಗೆ ಉಪಯೋಗವಾಗುವ ಸಸಿಗಳನ್ನು ನೆಟ್ಟರು. ದನ ತಿನ್ನದ, ಹಣ್ಣು ಬಿಡದ, ಕಡಿದರೆ ಕಾರ್ಖಾನೆಗೇ ಹೋಗುವ ಮರ ಗೋಮಾಳಕ್ಕೆ ಬಂದಾಗ ಯಾರ ದಿನಚರಿ ಬದಲಾಗುತ್ತದೆ ಎಂದು ಎರಡನೆಯ ಹೆಜ್ಜೆಯ ನಕ್ಷೆಯನ್ನು ಮುಂದಿಟ್ಟುಕೊಂಡು ಚರ್ಚಿಸಬಹುದು. ಹಸಿರೆಲ್ಲ ಒಂದೇ ಅಲ್ಲ ಎಂಬ ತಿಳಿವಳಿಕೆ ಇಲ್ಲಿ ಹುಟ್ಟುತ್ತದೆ.

ಸಾಲುಮರದ ತಿಮ್ಮಕ್ಕ, ತುಳಸಿ ಗೌಡ ಇವರನ್ನು ವಿದ್ಯಾರ್ಥಿಗಳು ತಾವಾಗಿಯೇ ಹೆಸರಿಸುತ್ತಾರೆ. ಇಬ್ಬರಿಗೂ ಪದ್ಮಶ್ರೀ ಬಂದದ್ದನ್ನು ಹೇಳುವುದರ ಜೊತೆಗೆ, ತುಳಸಿ ಗೌಡರು ಅರಣ್ಯ ಇಲಾಖೆಯ ಸಸಿಪಾಲನಾ ಕ್ಷೇತ್ರದಲ್ಲಿ ದಶಕಗಳ ಕಾಲ ದಿನಗೂಲಿಯಾಗಿ ದುಡಿದವರು, ತಾಯಿಮರವನ್ನು ಗುರುತಿಸಿ ಬೀಜ ಆಯುವುದರಲ್ಲಿ ಅವರಿಗಿದ್ದ ಪರಿಣತಿ ಅಪೂರ್ವವಾದದ್ದು ಎಂಬುದನ್ನೂ ಹೇಳಬೇಕು. ಅದು ಮಮತೆ ಮಾತ್ರವಲ್ಲ, ವಿದ್ಯೆ. ಕಡಲೆ ಹಸನು ಮಾಡುವ ತಾಯಿಯ ದಿನಚರಿಯನ್ನು ಈ ಹಂತದಲ್ಲಿ ಮತ್ತೆ ತೆಗೆದು ಓದಿ.

ಐದನೆಯ ಹೆಜ್ಜೆ: ಆಯಾ ಜಿಲ್ಲೆಯ ಕ್ಷೇತ್ರಕಾರ್ಯ

ಬಾಗಲಕೋಟೆಯವರಿಗೆ ಕೃಷ್ಣಾ ನದಿಯ ಆಲಮಟ್ಟಿ ಅಣೆಕಟ್ಟಿನ ಹಿನ್ನೀರು ಇದೆ. ಜಲಾಶಯದ ಈಗಿನ ಪೂರ್ಣಮಟ್ಟ 519.60 ಮೀಟರ್, ಏರಿಸಬೇಕೆಂದಿರುವ ಮಟ್ಟ 524.256 ಮೀಟರ್. ನಡುವಿನ 4.656 ಮೀಟರನ್ನು ಕಾಲೇಜಿನ ಗೋಡೆಯ ಮೇಲೆ ಟೇಪು ಹಿಡಿದು ಅಳೆದು ಸೀಮೆಸುಣ್ಣದಿಂದ ಗೆರೆ ಎಳೆಯಲಿ. ಒಂದು ಅಂತಸ್ತನ್ನು ಮೀರಿ ಹೋಗುವ ಆ ಗೆರೆ ಯಾವ ಭಾಷಣಕ್ಕಿಂತಲೂ ಸ್ಪಷ್ಟವಾಗಿ ಮಾತಾಡುತ್ತದೆ. ಆಮೇಲೆ ಹಿನ್ನೀರಿನಿಂದಾಗಿ ಹಳೆ ಬಾಗಲಕೋಟೆಯನ್ನು ಬಿಟ್ಟು ನವನಗರಕ್ಕೆ ಬಂದ ಹಿರಿಯ ಹೆಂಗಸರನ್ನು ಮಾತಾಡಿಸಬೇಕು. ಮನೆ, ಹೊಲ ಕಾಗದದಲ್ಲಿರುತ್ತವೆ. ಘಟಪ್ರಭೆಯ ದಂಡೆಯಲ್ಲಿ ಬಟ್ಟೆ ಒಗೆದ ಕಲ್ಲು, ಕುಳ್ಳು ತಟ್ಟುತ್ತಿದ್ದ ಹಿತ್ತಲು, ಕೇಳಿದಾಗ ಮಜ್ಜಿಗೆ ಕೊಡುತ್ತಿದ್ದ ನೆರೆಮನೆ ಯಾವ ಕಾಗದದಲ್ಲೂ ಇರುವುದಿಲ್ಲ. ಅಣೆಕಟ್ಟಿನ ನೀರಿನಿಂದ ಹೊಲ ಹಸಿರಾದ ಕುಟುಂಬದ ಹೆಂಗಸರನ್ನೂ ಅಷ್ಟೇ ಆದರದಿಂದ ಕೇಳಿ ಬರೆದುಕೊಳ್ಳಬೇಕು. ಉತ್ತರ ಮೊದಲೇ ಗೊತ್ತಿದೆ ಎಂಬಂತೆ ಹೋದರೆ ಅದು ಕ್ಷೇತ್ರಕಾರ್ಯವಲ್ಲ.

ಬೆಳಗಾವಿಯವರು ಎರಡು ದಿಕ್ಕಿನಲ್ಲಿ ಕೆಲಸ ಮಾಡಬಹುದು. ಪಶ್ಚಿಮಕ್ಕೆ ಮಲಪ್ರಭೆ ಹುಟ್ಟುವ ಕಣಕುಂಬಿ ಮತ್ತು ಖಾನಾಪುರದ ಕಾಡು. ಉತ್ತರಕ್ಕೆ, ಪೂರ್ವಕ್ಕೆ ಚಿಕ್ಕೋಡಿ, ಅಥಣಿ, ಗೋಕಾಕದ ಕಬ್ಬಿನ ನಾಡು. ಕಬ್ಬು ಕಡಿಯುವ ಗ್ಯಾಂಗುಗಳಲ್ಲಿ ಗಂಡಹೆಂಡಿರು ಜೋಡಿಯಾಗಿ ದುಡಿಯುತ್ತಾರೆ, ಹೆಂಗಸರು ಕಡಿದ ಕಬ್ಬಿನ ಹೊರೆ ಕಟ್ಟಿ ಹೊರುತ್ತಾರೆ, ಅಡುಗೆಯೂ ಮಕ್ಕಳೂ ಅವರ ಪಾಲಿಗೇ ಇರುತ್ತವೆ. ಹೆಚ್ಚು ನೀರು ಕುಡಿಯುವ ಬೆಳೆಗೂ ಕುಡಿಯುವ ನೀರಿಗೆ ಪರದಾಡುವ ಹೆಣ್ಣಿಗೂ ಇರುವ ಸಂಬಂಧವನ್ನು ತೋರಿಸಲು ಇದಕ್ಕಿಂತ ಹತ್ತಿರದ ಸಂಗತಿಯಿಲ್ಲ. ಆದರೆ ಮೊಬೈಲ್ ಹಿಡಿದುಕೊಂಡು ಅವರ ಗುಡಿಸಲುಗಳ ಮುಂದೆ ನಿಲ್ಲುವುದು ಅನುಚಿತ. ಮೊದಲು ಶಿಕ್ಷಕರೇ ಹೋಗಿ ಅನುಮತಿ ಕೇಳಬೇಕು, ಕೆಲಸದ ಹೊತ್ತನ್ನು ತಪ್ಪಿಸಬೇಕು, ಫೋಟೋ ತೆಗೆಯಬಾರದು, ಹೆಸರು ಬರೆದುಕೊಳ್ಳಬಾರದು. 2019ರ ಆಗಸ್ಟ್‌ನ ಪ್ರವಾಹವನ್ನು ಕಂಡ ಊರುಗಳಲ್ಲಿ ಪರಿಹಾರ ಕೇಂದ್ರದಲ್ಲಿ ಶೌಚಾಲಯ, ಸ್ನಾನ, ಮುಟ್ಟಿನ ದಿನಗಳು ಹೇಗೆ ಕಳೆದವು ಎಂಬುದನ್ನು ವಿದ್ಯಾರ್ಥಿನಿಯರು ಮಾತ್ರ ಹೋಗಿ ಕೇಳುವುದು ಲೇಸು.

ಆರನೆಯ ಹೆಜ್ಜೆ: ಚರಗ

ಎಳ್ಳಮವಾಸ್ಯೆಗೆ ವಿದ್ಯಾರ್ಥಿಗಳು ಊರಿಗೆ ಹೋಗುವ ಮುನ್ನ ಅವರ ಕೈಗೆ ಮೂರು ಪ್ರಶ್ನೆಗಳಿರುವ ಚೀಟಿ ಕೊಡುತ್ತೇನೆ: ಚರಗದ ಅಡುಗೆಯನ್ನು ಯಾರು ಮಾಡಿದರು? ಚರಗವನ್ನು ಯಾರು ಚೆಲ್ಲಿದರು? ಆ ಹೊಲದ ಉತಾರದಲ್ಲಿ ಯಾರ ಹೆಸರಿದೆ? ಹಬ್ಬವನ್ನು ಸಂತೋಷದಿಂದ ಮಾಡಿ, ಸಜ್ಜಿರೊಟ್ಟಿ, ಶೇಂಗಾ ಹೋಳಿಗೆ, ಬದನೆಕಾಯಿ ಎಣ್ಣೆಗಾಯಿ ಹೊಟ್ಟೆ ತುಂಬ ಉಂಡು, ಆಮೇಲೆ ಉತ್ತರ ಬರೆಯಿರಿ ಎಂದು ಹೇಳುತ್ತೇನೆ. ಹಬ್ಬವನ್ನು ಹೀಗಳೆಯುವ ಉದ್ದೇಶ ಈ ಪಾಠಕ್ಕಿಲ್ಲ, ಮತ್ತು ಅದನ್ನು ಮಾತಿನಲ್ಲೇ ಸ್ಪಷ್ಟಪಡಿಸಬೇಕು. ಬೆಳೆದ ಅನ್ನವನ್ನು ಉಣ್ಣುವ ಮೊದಲು ಹೊಲಕ್ಕೆ, ಹಕ್ಕಿಗೆ, ಹುಳಹುಪ್ಪಡಿಗೆ ಎರಚುವ ಆಚರಣೆಯಲ್ಲಿ ಭೂಮಿಯನ್ನು ಬರೀ ಸರಕೆಂದು ಕಾಣದ ದೊಡ್ಡ ಮನಸ್ಸಿದೆ. ಮಣ್ಣೆತ್ತಿನ ಅಮವಾಸ್ಯೆಯಲ್ಲಿ, ಮಣ್ಣಿನಿಂದ ಮಾಡಿ ಪೂಜಿಸುವ ಗುಳ್ಳವ್ವನಲ್ಲಿ, ಬಾದಾಮಿಯ ಬನಶಂಕರಿಗೆ ಕಾಯಿಪಲ್ಯೆಗಳ ನೈವೇದ್ಯ ಮಾಡುವ ಹಬ್ಬದಲ್ಲಿ ಕಾಣುವುದೂ ಅದೇ ಮನಸ್ಸು.

ಆದರೆ ಶೀಗಿ ಹುಣ್ಣಿಮೆಯ ಹೊತ್ತಿಗೆ ನಾವು ಬೆಳೆ ತುಂಬಿದ ಭೂಮಿಯನ್ನು ಬಸುರಿ ಹೆಣ್ಣೆನ್ನುತ್ತೇವೆ, ಬಯಕೆ ತೀರಿಸುತ್ತೇವೆ, ಉಡಿ ತುಂಬುತ್ತೇವೆ. ಅದೇ ಹೊತ್ತಿನಲ್ಲಿ ಊರಿನ ನಿಜವಾದ ಬಸುರಿಯೊಬ್ಬಳು ಹೊಲದಲ್ಲಿ ಕಸ ತೆಗೆಯುತ್ತಿರಬಹುದು. ಗಂಡನಿಲ್ಲದ ಹೆಂಗಸನ್ನು ಉಡಿ ತುಂಬುವ ಶಾಸ್ತ್ರದಿಂದ ದೂರ ಇಟ್ಟಿರಬಹುದು. ಹೆಣ್ಣನ್ನು ಭೂಮಿಗೆ ಹೋಲಿಸಿದಾಗ ಭೂಮಿಗೆ ಗೌರವ ಹೆಚ್ಚಿತೇ, ಹೆಣ್ಣಿಗೆ ಹೊರೆ ಹೆಚ್ಚಿತೇ? ಈ ಪ್ರಶ್ನೆಗೆ ಒಂದು ಪೂರ್ತಿ ತಾಸು ಕೊಡಿ. ಅಜ್ಜಿಯಂದಿರಿಂದ ಬೀಸುವ ಪದಗಳನ್ನು ಸಂಗ್ರಹಿಸಿ ತಂದರೆ ಈ ಚರ್ಚೆಗೆ ಒಳ್ಳೆಯ ಸಾಮಗ್ರಿಯಾಗುತ್ತದೆ. ಭೂಮಿತಾಯಿಯನ್ನು ನೆನೆದ ಬಾಯಿಯೇ ಅತ್ತೆಮನೆಯ ಕಷ್ಟವನ್ನೂ ಅದೇ ತ್ರಿಪದಿಯಲ್ಲಿ ಹಾಡಿಕೊಂಡಿರುತ್ತದೆ.

ಏಳನೆಯ ಹೆಜ್ಜೆ: ಸಿದ್ಧಾಂತ

ಒಂಬತ್ತನೆಯ ವಾರ ಬಂದಾಗ ತರಗತಿ ಈಗಾಗಲೇ ಎರಡು ಪಕ್ಷವಾಗಿರುತ್ತದೆ. ಪ್ರಕೃತಿಯೊಡನೆ ಬದುಕು ಕಟ್ಟಿಕೊಂಡ ಹಳ್ಳಿಯ ಹೆಂಗಸರಲ್ಲಿ ವಿಶೇಷವಾದ ಅರಿವಿದೆ, ಲಾಭಕೋರ ಅಭಿವೃದ್ಧಿ ಆ ಅರಿವನ್ನೂ ಪ್ರಕೃತಿಯನ್ನೂ ಒಟ್ಟಿಗೆ ನಾಶ ಮಾಡುತ್ತಿದೆ ಎನ್ನುವವರಿಗೆ ವಂದನಾ ಶಿವ ಅವರ ವಾದವನ್ನು ಕೊಡಿ. ಎಲ್ಲ ಹೆಂಗಸರನ್ನೂ ಒಂದೇ ಎನ್ನುವುದು ಸರಿಯಲ್ಲ, ಪ್ರಕೃತಿಯೊಡನೆ ಯಾರ ಸಂಬಂಧ ಹೇಗಿರುತ್ತದೆ ಎಂಬುದನ್ನು ದುಡಿಮೆಯ ಹಂಚಿಕೆ, ಆಸ್ತಿ, ಜಾತಿ, ವರ್ಗಗಳು ನಿರ್ಧರಿಸುತ್ತವೆ ಎನ್ನುವವರಿಗೆ ಬೀನಾ ಅಗರವಾಲ್ ಅವರ ವಾದವನ್ನು ಕೊಡಿ. ಎರಡು ವಾರ ಮೊದಲು ತಾವೇ ಆಡಿದ ಮಾತು ಇಷ್ಟು ಗಂಭೀರವಾದ ಚರ್ಚೆಯ ಭಾಗವೆಂದು ತಿಳಿದಾಗ ವಿದ್ಯಾರ್ಥಿಗಳು ಓದುವ ರೀತಿಯೇ ಬೇರೆ. ನನ್ನ ಒಲವು ಎರಡನೆಯ ವಾದದ ಕಡೆಗಿದೆ. ಅದನ್ನು ಮುಚ್ಚಿಡದೆ ಹೇಳುತ್ತೇನೆ, ಆದರೆ ಚರ್ಚೆ ಮುಗಿದ ಮೇಲೆ.

ಎಡವುವ ಜಾಗಗಳು ಮತ್ತು ಮೌಲ್ಯಮಾಪನ

ಹುಡುಗರು ತಮ್ಮನ್ನು ಕಟಕಟೆಯಲ್ಲಿ ನಿಲ್ಲಿಸಿದ್ದಾರೆ ಎಂದು ಭಾವಿಸಿದರೆ ಪಾಠ ಅಲ್ಲಿಗೇ ನಿಲ್ಲುತ್ತದೆ. ಅವರ ತಂದೆಯ ದಿನಚರಿಯನ್ನೂ ಅಷ್ಟೇ ಶ್ರದ್ಧೆಯಿಂದ ಓದಿ. ಸಾಲ, ಬರಗಾಲ, ಗೋವಾ-ಮಹಾರಾಷ್ಟ್ರಕ್ಕೆ ದುಡಿಯಲು ಹೋಗುವ ಗುಳೆ ಇವು ಗಂಡಸಿನ ದಿನಚರಿಯಲ್ಲೂ ಇವೆ. ಯಾರಾದರೂ ಮನೆಯ ಹಿಂಸೆಯ ಸಂಗತಿ ಬರೆದು ತಂದರೆ ಅದನ್ನು ತರಗತಿಯ ಸಾಮಗ್ರಿಯಾಗಿ ಬಳಸಬಾರದು, ಪ್ರತ್ಯೇಕವಾಗಿ ಕರೆದು ಮಾತಾಡಬೇಕು. ಕಾಲೇಜಿನ ವನಮಹೋತ್ಸವವನ್ನೂ ಒಮ್ಮೆ ಗಮನಿಸಿ: ಗುಂಡಿ ತೋಡಿ ಫೋಟೋಕ್ಕೆ ನಿಲ್ಲುವವರು ಯಾರು, ರಂಗೋಲಿ ಹಾಕುವವರು ಯಾರು, ಬೇಸಿಗೆಯಲ್ಲಿ ಆ ಸಸಿಗೆ ನೀರು ಹಾಕುವ ಆಯಾ ಯಾರು?

ಪರೀಕ್ಷೆಯಲ್ಲಿ ‘ಪರಿಸರ ಸ್ತ್ರೀವಾದ ಎಂದರೇನು’ ಎಂಬ ಪ್ರಶ್ನೆ ಬೇಡ. ಒಂದು ಕಲ್ಪಿತ ಮನೆಯ ದಿನಚರಿ, ಅದೇ ಮನೆಯ ಉತಾರ ಇವೆರಡನ್ನೂ ಅಚ್ಚುಹಾಕಿ ಕೊಟ್ಟು, ಊರಿನ ಕೆರೆಯನ್ನು ಮುಚ್ಚಿ ಬಸ್‌ನಿಲ್ದಾಣ ಕಟ್ಟಿದರೆ ಈ ಮನೆಯಲ್ಲಿ ಯಾರ ದಿನ ಹೇಗೆ ಬದಲಾದೀತು, ಆ ತೀರ್ಮಾನದಲ್ಲಿ ಅವರ ಮಾತು ನಡೆಯುತ್ತದೆಯೇ ಎಂದು ಕೇಳಿ. ಅರ್ಧ ಅಂಕಗಳನ್ನು ಕ್ಷೇತ್ರಕಾರ್ಯಕ್ಕೆ ಇಡಿ. ಅದರಲ್ಲಿ ಅಂಕ ಸಲ್ಲಬೇಕಾದದ್ದು ಅಕ್ಷರದ ಅಂದಕ್ಕಲ್ಲ, ವಿವರಕ್ಕೆ.

ಹತ್ತನೆಯ ವಾರದ ಕೊನೆಯ ತರಗತಿಯನ್ನು ದಿನಚರಿ ಕೊಟ್ಟ ಹೆಂಗಸರಿಗಾಗಿ ಮೀಸಲಿಡಿ. ಮಧ್ಯಾಹ್ನ ಎರಡರ ಮೇಲೆ, ಸಂತೆಯ ದಿನವಲ್ಲದ ದಿನ ಅವರನ್ನು ಕಾಲೇಜಿಗೆ ಕರೆಯಿರಿ. ಕುರ್ಚಿಯ ಜೊತೆಗೆ ಜಮಖಾನೆಯನ್ನೂ ಹಾಸಿರಿ. ಪ್ರತಿ ವಿದ್ಯಾರ್ಥಿ ತಾನು ಬರೆದದ್ದನ್ನು, ಅವರು ಒಪ್ಪಿದರೆ ಮಾತ್ರ, ಅವರೆದುರೇ ಓದಬೇಕು. ತಪ್ಪಿದ್ದರೆ ಅವರು ತಿದ್ದಲಿ. ಕಳೆದ ಸಲ ಒಬ್ಬ ವಿದ್ಯಾರ್ಥಿನಿ “ನಸುಕಿನ ಐದಕ್ಕೆ ಏಳುತ್ತಾಳೆ” ಎಂದು ಓದಿದಾಗ ಅವಳ ತಾಯಿ ಕುಳಿತಲ್ಲಿಂದಲೇ, “ಐದಕ್ಕಲ್ಲವಾ, ಮೂರೂವರಿಗೆ. ನಳ ಬರೂದು ಆವಾಗ. ನೀ ಎದ್ದಾಗ ಐದ ಆಗಿರತೈತಿ” ಎಂದರು. ಹುಡುಗಿ ಪೆನ್ನು ತೆಗೆದು ಮೊದಲ ಸಾಲನ್ನು ಹೊಡೆದು ಹಾಕಿ, ಮೇಲೆ ಮೂರೂವರೆ ಎಂದು ಬರೆದಳು. ತಿದ್ದಿದ ಆ ಪ್ರತಿಯನ್ನು ಮನೆಗೆ ಕೊಟ್ಟು, ಅದರ ಝೆರಾಕ್ಸನ್ನು ಮಾತ್ರ ಕಾಲೇಜಿನಲ್ಲಿ ಇಟ್ಟುಕೊಳ್ಳಬೇಕು.